ಅರಿಶಿನ ಕುಂಕುಮಕ್ಕೆ ಹೋದ ರೇಡಿಯೋ ಬಿಲ್ಲೆಗಳು

ಮಹಾಯುದ್ಧಗಳು ಹೆಣ್ಣಿಗಾಗಿ ಆಗಿವೆ, ಮಣ್ಣಿಗಾಗಿ ಆಗಿವೆ. ಆದರೆ ತೊಂಬತ್ತೊಂದನೆಯ ಇಸವಿಯ ಸಂಕ್ರಾಂತಿಯ ಮರುದಿನ ಕುರ್ಲಾದ ಲೋಖಂಡೆ ಚಾಳೆಂಬ ವಠಾರದಲ್ಲಿ ಆದದ್ದು ಒಂದು ಡಜನ್ ಸೋಪಿನ ಡಬ್ಬಿಗಳಿಗಾಗಿ. ಅದೂ ಯಾರೂ ಮುಟ್ಟದೆ ಹಾಗೇ ಉಳಿದುಹೋದ ಡಬ್ಬಿಗಳಿಗಾಗಿ.

ಬೆಳಿಗ್ಗೆ ತಿರುಮಲೇಶ ಟ್ರಂಕಿನೊಳಗೆ ಕೈ ಹಾಕಿದ. ಕೈಗೆ ತಾಕಬೇಕಾದದ್ದು ತಾಕಲಿಲ್ಲ. ತಾಕಬಾರದ ಸೋಪಿನ ಡಬ್ಬಿ ತಾಕಿತು. ಹಾವು ತಾಕಿದ್ದರೂ ಅವನು ಅಷ್ಟು ಹೌಹಾರುತ್ತಿರಲಿಲ್ಲ.

"ಸುಮಿ, ನೆನ್ನೆ ಸಂಜೆ ಅರಿಶಿನ ಕುಂಕುಮಕ್ಕೆ ಬಂದವರಿಗೆ ಏನು ಕೊಟ್ಟೆ?"

"ಇನ್ನೇನು ಕೊಡ್ತಾರೆ? ನೀವು ತಂದಿಟ್ಟಿದ್ದನ್ನೇ ಕೊಟ್ಟೆ."

"ನಾನು ತಂದದ್ದು ಸೋಪಿನ ಡಬ್ಬಿ. ಅದು ಇಲ್ಲೇ ಕೂತಿದೆಯಲ್ಲೇ!"

ಸುಮಿತ್ರಾ ಸ್ಟವಿನ ಮುಂದಿನಿಂದ ತಿರುಗಿ ನೋಡಿದಳು. "ಹಾಗಾದ್ರೆ ಆ ಬೂದಿ ಬಣ್ಣದ ಬಿಲ್ಲೆಗಳು ಏನು? ಚೀಲದಲ್ಲಿ ಸರಿಯಾಗಿ ಒಂದು ಡಜನ್ ಇತ್ತು. ಈ ಮನುಷ್ಯನಿಗೆ ಬಜಾರಿನಲ್ಲಿ ಇದಕ್ಕಿಂತ ದರಿದ್ರದ್ದು ಸಿಗಲಿಲ್ಲವಾ ಅಂತ ಬೈಕೊಂಡೇ ಹಂಚಿದೆ. ಅದರ ಮೇಲೆ ಬೆಲೆ ಚೀಟಿ ಬೇರೆ ಅಂಟಿಸಿತ್ತು. ಕಿತ್ತು, ಅರಿಶಿನದ ಬೊಟ್ಟಿಟ್ಟು ಕೊಟ್ಟೆ."

ತಿರುಮಲೇಶ ಟ್ರಂಕಿನ ಮೇಲೆ ಕುಸಿದು ಕೂತ. "ಅದು ಬೆಲೆ ಚೀಟಿ ಅಲ್ಲ... ಅದು ಬಿಲ್ಲೆಯ ಹೆಸರು ಕಣೇ!"

ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಆ ಚಾಳಿನ ಮುತ್ತೈದೆಯರು ಒಬ್ಬರನ್ನೊಬ್ಬರು ಕರೆದು ಅರಿಶಿನ ಕುಂಕುಮ ಹಚ್ಚಿ, ಎಳ್ಳು ಹಂಚಿ, ಜೊತೆಗೆ ಮನೆಗೆ ಬೇಕಾಗುವ ಒಂದು ಚಿಕ್ಕ ಸಾಮಾನು ಕೈಗಿಡುತ್ತಿದ್ದರು. ಅದಕ್ಕೆ ಮರಾಠಿಯವರು ವಾಣ ಎನ್ನುತ್ತಿದ್ದರು. ಮೈಸೂರಿನಿಂದ ಬಂದ ಸುಮಿತ್ರಾ ಈ ಪದ್ಧತಿಯನ್ನು ಎಷ್ಟು ಮೈಗೂಡಿಸಿಕೊಂಡಿದ್ದಳೆಂದರೆ, ಮರಾಠಿ ಹೆಂಗಸರೇ ಮರೆತ ಶಾಸ್ತ್ರಗಳನ್ನು ಅವಳ ಹತ್ತಿರ ಬಂದು ಕೇಳಿಕೊಂಡು ಹೋಗುತ್ತಿದ್ದರು.

ಇನ್ನು ಆ ಬಿಲ್ಲೆಗಳ ಸಂಗತಿ. ಅವು ಏಳು ಸಮುದ್ರ ದಾಟಿ ಹಡಗಿನಲ್ಲಿ ಬಂದಿದ್ದವು. ನೋಡಲು ಹಪ್ಪಳಕ್ಕಿಂತ ಚಿಕ್ಕವು, ವಡೆಗಿಂತ ತೆಳ್ಳಗೆ. ಒಳಗೆ ಕೂದಲೆಳೆಯಂಥ ತಂತಿಯ ಸುರುಳಿ. ಬ್ಯಾಟರಿ ಇಲ್ಲ, ಬಾಯಿ ಇಲ್ಲ. ಆದರೆ ವಿಕ್ರೋಳಿಯಲ್ಲಿ ತಿರುಮಲೇಶ ಕೆಲಸ ಮಾಡುತ್ತಿದ್ದ ಗೋಡೌನಿನಲ್ಲಿ ನಿಲ್ಲಿಸಿದ್ದ ಮರದ ಕಮಾನಿನ ಕೆಳಗೆ ಹಾದರೆ ಸಾಕು, ಕಮಾನಿನ ರೇಡಿಯೋ ಅಲೆ ತಾಕಿ "ನಾನು ಮಿಕ್ಸರ್", "ನಾನು ಕುಕ್ಕರ್" ಎಂದು ಕಂಪ್ಯೂಟರಿಗೆ ತಾವೇ ಹೆಸರು ಹೇಳಿಬಿಡುತ್ತಿದ್ದವು. ಅಂಗಡಿಯವರ ಆರ್ಡರಿನಲ್ಲಿ ಇದ್ದದ್ದೇ ಹಾದರೆ ಹಸಿರು ದೀಪ. ಇಲ್ಲದ್ದು ಹಾದರೆ ಸೈರನ್.

ಗೋಡೌನಿಗೆ ಈ ಔಷಧಿ ಅಗತ್ಯವಾಗಿ ಬೇಕಾಗಿತ್ತು. ಅಲ್ಲಿ ತುಂಬಿದ್ದದ್ದು ಅಡುಗೆಮನೆಯ ಸಾಮಾನು. ಎಲ್ಲ ಒಂದೇ ಬಣ್ಣದ ರಟ್ಟಿನ ಪೆಟ್ಟಿಗೆಗಳಲ್ಲಿ. ಆಳುಗಳು ಕೈಗೆ ಸಿಕ್ಕಿದ್ದನ್ನು ಹೊತ್ತು ತಂದು ಲಾರಿಗೆ ಏರಿಸುತ್ತಿದ್ದರು. ನಾಗಪುರದವನು ನಡು ಬೇಸಿಗೆಯಲ್ಲಿ ಫ್ಯಾನು ಕೇಳಿದರೆ ಗೀಸರ್ ಹೋಗುತ್ತಿತ್ತು. ಅವನು ಫೋನಿನಲ್ಲಿ ಬೈದ ಬೈಗುಳಕ್ಕೆ ದಾರಿಯುದ್ದದ ತಂತಿಕಂಬಗಳೆಲ್ಲ ಬಾಗಿಹೋದವೆಂದು ಗೋಡೌನಿನಲ್ಲಿ ಇವತ್ತಿಗೂ ಹೇಳುತ್ತಾರೆ.

ಬಿಲ್ಲೆಗಳನ್ನು ತಿರುಮಲೇಶ ಮನೆಗೆ ತಂದದ್ದಕ್ಕೂ ಕಾರಣವಿತ್ತು. ಗೋಡೌನಿನ ಹಳೆಯ ಆಳು ಐತ ಊಟದ ಹೊತ್ತಿನಲ್ಲಿ ಅವುಗಳಲ್ಲೊಂದನ್ನು ಸ್ಟ್ರೈಕರ್ ಮಾಡಿಕೊಂಡು ಕೇರಂ ಆಡಿ, ಒಂದೇ ಏಟಿಗೆ ರಾಣಿಯನ್ನೂ ಅದರ ಹಿಂದೆ ಬೋರ್ಡಿನ ಮೂಲೆಯನ್ನೂ ಹಾರಿಸಿದ್ದ. "ನಾಳೆ ಮಧ್ಯಾಹ್ನ ಸೇಠರು ನೋಡೋಕೆ ಬರ್ತಾರೆ. ಅಲ್ಲಿವರೆಗೆ ಇವನ್ನು ನಿನ್ನ ಪ್ರಾಣದ ಹಾಗೆ ಕಾಪಾಡು," ಎಂದು ಮ್ಯಾನೇಜರ್ ರಾಮಸ್ವಾಮಿ ಚೀಲವನ್ನು ಅವನ ಕೈಗೆ ಕೊಟ್ಟಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಕಿವಿಗೆ ಹಾಕಿದ್ದರು.

"ಇದು ಗೆದ್ದರೆ ನೀನು ಸಿಸ್ಟಮ್ ಆಫೀಸರ್ ಕಣಯ್ಯಾ. ಆಫೀಸರ್ ಅಂದಮೇಲೆ ಗೋಡೌನ್ ಪಕ್ಕದ ಆ ಖಾಲಿ ಕ್ವಾರ್ಟರ್ಸ್ ನಿನ್ನದೇ ಅಂದ್ಕೋ."

ಆ ಕ್ವಾರ್ಟರ್ಸಿನಲ್ಲಿ ಎರಡು ಕೋಣೆಗಳಿದ್ದವು, ಒಂದು ಅಡುಗೆಮನೆ ಇತ್ತು. ಅದೆಲ್ಲ ಹಾಗಿರಲಿ. ಮನೆಯ ಒಳಗೇ ನಲ್ಲಿ ಇತ್ತು! ಲೋಖಂಡೆ ಚಾಳಿನಲ್ಲಿದ್ದದ್ದು ಇಡೀ ಚಾಳಿಗೆ ಒಂದು ನಲ್ಲಿ. ಅದರ ಮುಂದಿನ ಕೊಡಗಳ ಸಾಲಿನಲ್ಲಿ ನಿಂತವರಿಗೆ ನಿಂತಲ್ಲೇ ನರೆಗೂದಲು ಬಂದದ್ದುಂಟು, ಸಾಲಿನಲ್ಲೇ ಜಾತಕ ಕೂಡಿಬಂದು ಮದುವೆ ನಿಶ್ಚಯವಾದದ್ದುಂಟು. ಮದುವೆಯಾಗಿ ಬಂದಾಗಿನಿಂದ ಸುಮಿತ್ರಾ ಕೇಳಿದ ವರ ಒಂದೇ: ತಿರುಗಿಸಿದರೆ ನೀರು ಬರುವ ಒಂದು ನಲ್ಲಿ.

"ಏಳಿ ಮೇಲೆ," ಎಂದಳು ಈಗ ಸುಮಿತ್ರಾ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. "ಕೊಟ್ಟೋಳು ನಾನು. ಬನ್ನಿ, ಕೇಳಿ ಈಸ್ಕೊಳ್ಳೋಣ. ಆ ನಲ್ಲೀನ ನಾನು ಬಿಡೋಳಲ್ಲ."

ತಿರುಮಲೇಶನೂ ಎದ್ದ. ಸಾಧಾರಣವಾಗಿ ಅವನು ನೆರಳಿಗೂ ದಾರಿ ಬಿಟ್ಟು ನಡೆಯುವ ಮನುಷ್ಯ. ಅವತ್ತು ಮಾತ್ರ ಅವನ ದವಡೆ ಬಿಗಿದ ಸದ್ದು ಮೂರನೆಯ ಮಾಳಿಗೆಗೂ ಕೇಳಿಸಿತು.

ಮೊದಲ ಬಾಗಿಲು ಅಂಬವ್ವನದು. ವಿಜಾಪುರದ ಕಡೆಯ ಈ ಹೆಂಗಸು ಆ ಚಾಳಿನ ಹೈಕೋರ್ಟು. ಅವಳು ಗ್ಯಾಲರಿಯಲ್ಲಿ ನಡೆದರೆ ಕೆಳಗಿನ ಮನೆಯವರು ಛತ್ರಿ ಬಿಚ್ಚುತ್ತಿದ್ದರು, ಗಾರೆ ಉದುರುತ್ತದೆಂದು. ಆ ಹೊತ್ತಿಗೆ ಅವಳು ಹೊಸ್ತಿಲ ಮೇಲೆ ಕೂತು, ಏಳು ಸಮುದ್ರ ದಾಟಿ ಬಂದ ಬಿಲ್ಲೆಯಿಂದ ಹಿಮ್ಮಡಿ ತಿಕ್ಕಿಕೊಳ್ಳುತ್ತಿದ್ದಳು.

"ಬರ್ರಿ ತಿರಮಲೇಶಪ್ಪಾ! ಸುಮಿತ್ರಾ, ಭಾರೀ ಚಲೋ ವಾಣಾ ಕೊಟ್ಟೀಯವಾ. ಒಡದ ಹಿಮ್ಮಡಿ ಬೆಣ್ಣಿ ಆಗೇತಿ ನೋಡು."

"ಅಂಬವ್ವಾರೇ, ಒಂದು ತಪ್ಪಾಗಿದೆ. ಅದು ಕಂಪನೀದು. ವಾಪಸ್ಸು ಕೊಟ್ಟರೆ, ಅದರ ಬದಲು ಸೋಪಿನ ಡಬ್ಬಿ..." ಎಂದ ತಿರುಮಲೇಶ.

ಅಂಬವ್ವನ ಕೈ ಹಿಮ್ಮಡಿಯ ಮೇಲೇ ನಿಂತಿತು. "ಏನಂದ್ರಿ? ಮುತ್ತೈದಿಗೆ ಕುಂಕುಮ ಹಚ್ಚಿ ಕೊಟ್ಟ ವಾಣಾ ತಿರುಗಿ ಕೊಡು ಅಂತೀರೇನು? ನಾಳೆ ತಾಳಿನೂ ಬಿಚ್ಚಿ ಕೊಡು ಅಂತೀರಿ!"

ಈ ಮಾತು ಗ್ಯಾಲರಿಯಲ್ಲಿ ಬೆಂಕಿಯ ಹಾಗೆ ಓಡಿತು. ಎದುರು ಮನೆಯಿಂದ ಶೇವಂತಾಬಾಯಿ ಚಿಮ್ಮಿ ಬಂದಳು. ಅವಳ ಸಿಟ್ಟಿನಲ್ಲಿ ಅನ್ನ ಬೇಯಿಸಬಹುದಿತ್ತು. "ಅಹೋ ಭಾವು, ವಾಣ ಪರತ್ ಮಾಗ್ತಾ? ಶರಮ್ ನಹೀಂ ಆತೀ? ನನ್ನ ಯಜಮಾನ್ರ ಆಯುಷ್ಯದ ಸವಾಲ್ ಆಹೇ ಇದು!"

ಅವಳ ಯಜಮಾನ ಒಳಗಿನಿಂದ ಇಣುಕಿ, ತನ್ನ ಆಯುಷ್ಯ ಇನ್ನೂ ಅಲ್ಲೇ ಇದೆಯೇ ಎಂಬಂತೆ ಎದೆ ಮುಟ್ಟಿ ನೋಡಿಕೊಂಡು ಬಾಗಿಲು ಹಾಕಿಕೊಂಡ.

ಕೊನೆಯ ಮನೆಯ ವಿನೋದಿನಿಯೂ ಬಂದಳು. ಉಡುಪಿ ಕಡೆಯವಳು. ಅವಳ ಗಂಡ ಪೂವಪ್ಪ ಚಾಳಿನ ಕೆಳಗೆ ಹೋಟೆಲು ನಡೆಸುತ್ತಿದ್ದ. ವಿನೋದಿನಿಯ ಮಾತು ಸ್ವಿಚ್ಚು ಒತ್ತಿದರೆ ಶುರುವಾಗುತ್ತಿತ್ತು, ನಿಲ್ಲಿಸುವ ಸ್ವಿಚ್ಚು ಮಾತ್ರ ಇರಲಿಲ್ಲ. "ಎಂತ ಮಾರಾಯ್ರೆ ಗಲಾಟೆ? ಬಿಲ್ಲೆಯಾ? ನಂದು ನಮ್ಮವರು ಹೋಟ್ಲಿಗೆ ತಕೊಂಡು ಹೋದ್ರು. ಇಡ್ಲಿ ಬಾಯ್ಲರಿನ ಒಂದು ಕಾಲು ಗಿಡ್ಡ ಉಂಟಲ್ಲ, ಅದರ ಅಡಿಗೆ ಇಟ್ಟರು. ಎಷ್ಟು ಲಾಯ್ಕ ಕೂತಿತು ಗೊತ್ತುಂಟಾ, ಇವತ್ತು ಇಡ್ಲಿ ಒಂದೂ ಸೊಟ್ಟ ಇಲ್ಲ..."

"ಬಾಯ್ಲರಿನ ಕೆಳಗಾ!" ಎಂದು ತಿರುಮಲೇಶ ಮೆಟ್ಟಿಲಿಳಿದ. ಇಳಿದ ಎಂದರೆ, ಮೇಲಿನ ಮೆಟ್ಟಿಲು ಬಿಟ್ಟವನು ಕಂಡದ್ದು ಹೋಟೆಲಿನ ಅಡುಗೆಮನೆಯಲ್ಲೇ. ಬಗ್ಗಿ ಬಿಲ್ಲೆಯನ್ನು ಎಳೆದೇಬಿಟ್ಟ. ಬಿಲ್ಲೆ ಬಂತು. ಅದರ ಹಿಂದೆ ಬಾಯ್ಲರೂ ಬಂತು. ಬೆಂದ ಇಡ್ಲಿಗಳು ತಟ್ಟೆ ಬಿಟ್ಟು, ಬಾಗಿಲು ದಾಟಿ, ಗಿರಾಕಿಗಳ ಟೇಬಲ್ಲಿನತ್ತ ಉರುಳಿಕೊಂಡೇ ಹೋದವು. ಸಾಂಬಾರಿಗಾಗಿ ಕಾದು ಕೂತಿದ್ದ ಒಬ್ಬ ಗಿರಾಕಿ ಎರಡು ಇಡ್ಲಿಯನ್ನು ಕ್ಯಾಚು ಹಿಡಿದು, "ಸರ್ವಿಸ್ ಸುಧಾರಿಸಿದೆ," ಎಂದು ಮೆಚ್ಚಿಕೊಂಡ.

"ತಿರುಮಲೇಶ್ರೇ," ಎಂದ ಪೂವಪ್ಪ ಹಣೆ ಚಚ್ಚಿಕೊಂಡು, "ಇಡ್ಲಿ ಬೇಕಿದ್ರೆ ಕೇಳ್ಬಹುದಿತ್ತಲ್ಲ! ಬಾಯ್ಲರನ್ನೇ ಎಳೆಯುವುದಾ?"

ತಿರುಮಲೇಶ ಬೆಂದ ಬೆರಳನ್ನು ಊದಿಕೊಳ್ಳುತ್ತ ಮೇಲೆ ಬಂದ. ಬಿಲ್ಲೆಯನ್ನು ಗೆದ್ದ ಕಪ್ಪಿನ ಹಾಗೆ ಎತ್ತಿ ಹಿಡಿದಿದ್ದ. ವಿನೋದಿನಿ ಕೈ ಚಾಚಿ ಅದನ್ನು ಸಲೀಸಾಗಿ ತೆಗೆದುಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಪಾಪ, ನನಗೋಸ್ಕರ ಇಷ್ಟು ಕಷ್ಟಪಟ್ಟು ತಂದ್ರಿ."

ಗ್ಯಾಲರಿಯಲ್ಲಿ ಹನ್ನೆರಡು ಮುತ್ತೈದೆಯರು, ಹನ್ನೆರಡು ಬಿಲ್ಲೆಗಳು. ಒಂದೂ ಕೈಗೆ ಬರಲಿಲ್ಲ. ತಿರುಮಲೇಶ ಕೈ ಮುಗಿದ, ಕಾಲು ಹಿಡಿಯುವುದಕ್ಕೆ ಬಗ್ಗಿದ, ಕಂಪ್ಯೂಟರಿನ ಮಹಿಮೆಯನ್ನು ಮೂರು ಭಾಷೆಯಲ್ಲಿ ವರ್ಣಿಸಿದ. ಸುಮಿತ್ರಾ ನಲ್ಲಿಯ ವಿಷಯ ಹೇಳಿ ಕಣ್ಣಲ್ಲಿ ನೀರು ತಂದಳು. ನಲ್ಲಿಯ ಮಾತಿಗೆ ಅಂಬವ್ವನ ಮುಖ ಮೆತ್ತಗಾಯಿತು. ಸುಮಿತ್ರಾ ಹೋದರೆ ನೀರಿನ ಸಾಲಿನಲ್ಲಿ ಅವಳ ಹಿಂದೆ ನಿಲ್ಲುವ ಅಂಬವ್ವ ಒಂದು ಜಾಗ ಮುಂದೆ ಬರುತ್ತಿದ್ದಳಲ್ಲ!

"ಕೇಳ್ರಿ ಇಲ್ಲೆ," ಎಂದು ಹೈಕೋರ್ಟು ತೀರ್ಪು ಕೊಟ್ಟಿತು. "ರಥಸಪ್ತಮಿ ಆಗೂತನಕ ವಾಣಾ ಮುತ್ತೈದಿ ಕೈ ಬಿಡಬಾರದು. ಆದರ ಮುತ್ತೈದಿ ಮನಿ ಬಿಡಬಾರದು ಅಂತ ಯಾವ ಶಾಸ್ತ್ರದಾಗ ಐತಿ? ನಾವೆಲ್ಲಾರೂ ಬರ್ತೀವಿ. ವಾಣಾನೂ ನಮ್ಮ ಕೈಯಾಗ ಇರತೈತಿ, ನಿಮ್ಮ ಮಿಷನ್ನಿನ ಕಣ್ಣಿಗೂ ಬೀಳತೈತಿ."

ತಿರುಮಲೇಶ ಒಂದು ಕ್ಷಣ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣಿನೊಳಗೆ ನಲ್ಲಿ ಕಂಡಿತು. "ನಡೀರಿ," ಎಂದ.

ಕುರ್ಲಾದಿಂದ ವಿಕ್ರೋಳಿಗೆ ಲೋಕಲ್ಲಿನಲ್ಲಿ ಎಷ್ಟು ಹೊತ್ತು! ಮಧ್ಯೆ ಎರಡೇ ಸ್ಟೇಷನ್ನು. ಆದರೆ ಲೇಡೀಸ್ ಡಬ್ಬಿ ಹತ್ತಿದ ಈ ದಂಡು ಘಾಟ್ಕೋಪರ್ ಬರುವಷ್ಟರಲ್ಲಿ ಬಳೆ ಮಾರುವವಳೊಡನೆ ಚೌಕಾಸಿಗೆ ಇಳಿದಿತ್ತು. ಬಳೆಯವಳು ಸೋತು ಘಾಟ್ಕೋಪರಿನಲ್ಲಿ ಇಳಿದಳು. ಅವಳನ್ನು ಬಿಡಲೊಲ್ಲದೆ ಇವರೂ ಇಳಿದರು. ಗಂಡಸರ ಡಬ್ಬಿಯ ಬಾಗಿಲಿಗೆ ಬಾವಲಿಯ ಹಾಗೆ ಜೋತಿದ್ದ ತಿರುಮಲೇಶ, ಪ್ಲಾಟ್‌ಫಾರಮ್ಮಿನಲ್ಲಿ ತನ್ನ ಭವಿಷ್ಯವೆಲ್ಲ ಸೆರಗು ಹಾರಿಸಿಕೊಂಡು ಹೋಗುವುದನ್ನು ಕಂಡು, "ಹತ್ರೀ! ಇನ್ನೂ ವಿಕ್ರೋಳಿ ಬಂದಿಲ್ಲಾ!" ಎಂದು ಕಿರುಚಿದ. ಆ ಕೂಗಿಗೆ ಹೊರಡುತ್ತಿದ್ದ ಗಾಡಿ ನಿಂತಿತು. ಎದುರಿನಿಂದ ಬರುತ್ತಿದ್ದ ಗಾಡಿಯೂ ನಿಂತಿತು. ಮುತ್ತೈದೆಯರು ಆರಾಮವಾಗಿ ಬಳೆ ಇಟ್ಟುಕೊಂಡೇ ಮತ್ತೆ ಹತ್ತಿದರು.

ಗೋಡೌನಿನ ಗೇಟಿನಲ್ಲಿ ರಾಮಸ್ವಾಮಿ ಕರವಸ್ತ್ರ ಹಿಂಡುತ್ತ ನಿಂತಿದ್ದರು. "ಏನಯ್ಯಾ ಇದು? ಬಿಲ್ಲೆ ತಾರಯ್ಯಾ ಅಂದರೆ ಮದುವೆ ದಿಬ್ಬಣ ತಂದಿದೀಯಲ್ಲ!"

"ಬಿಲ್ಲೆ ಇವರ ಹತ್ತಿರವೇ ಇದೆ ಸಾರ್. ಬಿಡಿಸೋಕಾಗಲ್ಲ. ರಥಸಪ್ತಮಿ."

"ಸೇಠರಿಗೆ ರಥಸಪ್ತಮಿ ಕಟ್ಟಿಕೊಂಡು ಏನಾಗಬೇಕೋ! ಅವರು ಕಾರು ಹತ್ತಿ ಆಗಿದೆ!"

ಐತ ಪೆಟ್ಟಿಗೆಯೊಂದರ ಮೇಲೆ ಕೂತು ಬೀಡಿ ಹಚ್ಚುತ್ತ ಕೇಳಿದ: "ತಿರುಮಲೇಶಣ್ಣ, ಇವರನ್ನು ಯಾವ ರ‍್ಯಾಕಿನಲ್ಲಿ ಇಡುವುದು ಮಾರಾಯ್ರೆ?"

ತಿರುಮಲೇಶನ ತಲೆ ಆ ಹೊತ್ತಿನಲ್ಲಿ ಗಿರಣಿಯ ಚಕ್ರಕ್ಕಿಂತ ಜೋರಾಗಿ ಓಡುತ್ತಿತ್ತು. ಬಿಲ್ಲೆಯನ್ನು ಪೆಟ್ಟಿಗೆಗೆ ಕಟ್ಟಲು ಆಗದಿದ್ದರೇನು? ಪೆಟ್ಟಿಗೆಯನ್ನು ಬಿಲ್ಲೆ ಇದ್ದವರ ಕೈಗೆ ಕೊಟ್ಟರಾಯಿತು. ಕುಕ್ಕರಿನ ಬಿಲ್ಲೆಯವಳು ಕುಕ್ಕರನ್ನೇ ಹೊರಲಿ, ಫ್ಯಾನಿನವಳು ಫ್ಯಾನನ್ನೇ ಹೊರಲಿ. ಕಮಾನಿನ ಕೆಳಗೆ ಬಿಲ್ಲೆಯೂ ಪೆಟ್ಟಿಗೆಯೂ ಒಟ್ಟಿಗೇ ಹಾಯುತ್ತವಲ್ಲ. ತೊಂದರೆ ಒಂದೇ. ಚೀಟಿಗಳನ್ನೆಲ್ಲ ಸುಮಿತ್ರಾ ಕಿತ್ತಿದ್ದಳು. ಯಾರ ಹತ್ತಿರ ಯಾವ ಬಿಲ್ಲೆ ಇದೆಯೆಂದು ಬಲ್ಲದ್ದು ಕಂಪ್ಯೂಟರ್ ಮಾತ್ರ.

"ಒಬ್ಬೊಬ್ಬರಾಗಿ ಕಮಾನಿನ ಕೆಳಗೆ ಬನ್ನಿ," ಎಂದ.

ಮೊದಲು ಅಂಬವ್ವ ಆನೆ ಊರು ಹೊಕ್ಕಂತೆ ಗಂಭೀರವಾಗಿ ಹಾದಳು. ಪರದೆಯ ಮೇಲೆ ಅಕ್ಷರ ಮೂಡಿತು. ತಿರುಮಲೇಶ ಓದಿ, ಗಂಟಲು ಸರಿಮಾಡಿಕೊಂಡ.

"ಏನಂತೈತಿ ನಿಮ್ಮ ಮಿಷನ್ನು?"

"ಅದು... ಗ್ರೈಂಡರ್ ಅಂತೆ."

"ಗ್ರೈಂಡರ್? ದ್ವಾಸಿ ಹಿಟ್ಟು ರುಬ್ಬೂ ಕಲ್ಲು? ನಾನು?"

ಶೇವಂತಾಬಾಯಿ ಕಿಸಕ್ಕೆಂದು ನಕ್ಕು ಮುಂದೆ ಬಂದಳು. ಅವಳಿಗೆ ಕಂಪ್ಯೂಟರು ಗೀಸರ್ ಎಂದಿತು. ನಗು ಅಲ್ಲೇ ಆವಿಯಾಯಿತು. ವಿನೋದಿನಿ ಬರುತ್ತಲೇ ಮಾತಾಡುತ್ತ ಬಂದಳು, ಹಾದಳು, ಆಚೆ ಹೋಗಿಯೂ ಮಾತಾಡುತ್ತಿದ್ದಳು. ಅವಳು ಸೀಲಿಂಗ್ ಫ್ಯಾನ್.

"ನೋಡ್ರೀ," ಎಂದು ಸುಮಿತ್ರಾ ಗಂಡನ ಕಿವಿಯಲ್ಲಿ ಉಸುರಿದಳು, "ನಿಮ್ಮ ಮಿಷನ್ನಿಗೆ ನಮ್ಮ ಚಾಳು ಪೂರ್ತಿ ಗೊತ್ತಿದೆ."

ಐತ ಬೀಡಿ ನುಂಗಿಕೊಂಡು ಕೆಮ್ಮಿದ. ಉಳಿದ ಹೆಂಗಸರಿಗೆ ಕುಕ್ಕರು, ಮಿಕ್ಸರು, ಇಸ್ತ್ರಿಪೆಟ್ಟಿಗೆಗಳೆಂದು ನಾಮಕರಣವಾಗುವಷ್ಟರಲ್ಲಿ ಗೇಟಿನಲ್ಲಿ ಕಾರಿನ ಹಾರ್ನ್ ಕೇಳಿಸಿತು.

ಸೇಠರು ಎಂದರೆ ಬಿಳಿಯ ಸಫಾರಿ ಸೂಟಿನಲ್ಲಿ ತುಂಬಿದ ಒಂದು ಬೆಟ್ಟ. ಕಂಪನಿಯ ಎಂಟು ಗೋಡೌನುಗಳು ಅವರ ಹುಬ್ಬಿನ ಮೇಲೆ ನಿಂತಿದ್ದವು. ಹುಬ್ಬು ಏರಿದರೆ ಒಬ್ಬನ ಕೆಲಸ ಹೋಗುತ್ತಿತ್ತು, ಇಳಿದರೆ ಇನ್ನೊಬ್ಬನಿಗೆ ಬಡ್ತಿ. ಸಾಲಾಗಿ ನಿಂತ ಹೆಂಗಸರನ್ನು ನೋಡಿ ಹುಬ್ಬು ಅರ್ಧಕ್ಕೆ ಏರಿತು.

"ಯೇ ಕೌನ್ ಲೋಗ್ ಹೈ?"

"ಸೇಠಜೀ, ಕಲಿತವರ ಕೈಯಲ್ಲಿ ಯಾವ ಯಂತ್ರವೂ ನಡೆಯುತ್ತೆ," ಎಂದ ತಿರುಮಲೇಶ ಹಿಂದಿಯಲ್ಲಿ. ಹಟ ಬಂದವನಿಗೆ ಭಾಷೆ ತಾನಾಗಿ ಬರುತ್ತದೆ. "ಗೋಡೌನ್ ಅಂದರೆ ಏನೂಂತ ಕಂಡಿಲ್ಲದವರನ್ನೇ ಕರೆಸಿದೀನಿ. ಇವರೇ ತಪ್ಪಿಲ್ಲದೆ ಆರ್ಡರ್ ಎತ್ತಿದರೆ, ಇನ್ನು ಯಾರು ತಪ್ಪು ಮಾಡ್ತಾರೆ?"

ರಾಮಸ್ವಾಮಿ ಬಾಯಿ ಬಿಟ್ಟರು. ಸೇಠರ ಹುಬ್ಬು ನಿಂತಲ್ಲೇ ನಿಂತಿತು. "ಸೋಲಾಪುರದ ಆರ್ಡರ್," ಎಂದು ಅವರೇ ಓದಿದರು. "ಫ್ಯಾನ್. ಗೀಸರ್. ಕುಕ್ಕರ್. ಮಿಕ್ಸರ್. ಇಸ್ತ್ರಿ."

ಮುತ್ತೈದೆಯರು ಹೊರಟರು ನೋಡಿ! ಸೀಮೆಎಣ್ಣೆ ಸಾಲಿನಲ್ಲಿ, ರೇಶನ್ನಿನ ಸಾಲಿನಲ್ಲಿ, ನೀರಿನ ಸಾಲಿನಲ್ಲಿ ನುಗ್ಗಿ ನುಗ್ಗಿ ಹದವಾದ ಮೈಗಳು. ರ‍್ಯಾಕಿನ ಮಧ್ಯೆ ಬಿರುಗಾಳಿ ಹೊಕ್ಕಂತಾಯಿತು. ಐತ ಪೆಟ್ಟಿಗೆಯ ಮೇಲಿನಿಂದ ಏಳುವ ಮೊದಲೇ, ಅವನು ಕೂತಿದ್ದ ಪೆಟ್ಟಿಗೆಯನ್ನೇ ಒಬ್ಬಳು ಎಳೆದುಕೊಂಡು ಹೋಗಿದ್ದಳು. ವಿನೋದಿನಿ ಫ್ಯಾನಿನ ಪೆಟ್ಟಿಗೆಯೊಂದಿಗೆ ಹಾದಳು, ಹಸಿರು ದೀಪ. ಶೇವಂತಾಬಾಯಿ ಗೀಸರಿನೊಂದಿಗೆ, ಹಸಿರು. ಕುಕ್ಕರ್, ಹಸಿರು. ಮಿಕ್ಸರ್, ಹಸಿರು. ಇಸ್ತ್ರಿ, ಹಸಿರು. ಸೇಠರ ಹುಬ್ಬು ಮೆಲ್ಲಗೆ ಇಳಿಯತೊಡಗಿತು. ಸುಮಿತ್ರಾ ಕಣ್ಣು ಮುಚ್ಚಿ ಕಂಡ ಕಂಡ ದೇವರಿಗೆಲ್ಲ ಹರಕೆ ಹೊರುತ್ತಿದ್ದಳು.

ಆಗ ಅಂಬವ್ವನಿಗೆ ತಾಳ್ಮೆ ತಪ್ಪಿತು.

ಸೋಲಾಪುರದವನಿಗೆ ಗ್ರೈಂಡರ್ ಬೇಕಾಗಿರಲಿಲ್ಲ. ಆದರೆ ಚಾಳಿನ ಹೆಂಗಸರೆಲ್ಲ ಪೆಟ್ಟಿಗೆ ಹೊತ್ತು ಸೇಠರ ಮುಂದೆ ಮೆರೆಯುತ್ತಿರುವಾಗ ಹೈಕೋರ್ಟು ಗೋಡೆಗೆ ಒರಗಿ ನಿಲ್ಲುವುದೆಂದರೇನು? "ಮೊನ್ನೆ ಮೊನ್ನೆ ಬಂದವರೆಲ್ಲ ಹಾಯ್ತಾರ, ನಾ ಇಲ್ಲೆ ಕಸಬರಿಗಿ ಹಂಗ ನಿಂದರಬೇಕೇನು?" ಎಂದವಳೇ, ಇಬ್ಬರು ಆಳುಗಳು ಏದುಸಿರು ಬಿಟ್ಟು ಎತ್ತುವ ಗ್ರೈಂಡರ್ ಪೆಟ್ಟಿಗೆಯನ್ನು ಒಬ್ಬಳೇ ತಲೆಯ ಮೇಲೇರಿಸಿಕೊಂಡು ಕಮಾನಿನೊಳಗೆ ನುಗ್ಗಿದಳು.

ಸೈರನ್ ಹೊಡೆದುಕೊಂಡಿತು. ಎಂಥ ಸೈರನ್! ವಿಕ್ರೋಳಿಯ ಆಸುಪಾಸಿನ ಕಾರ್ಖಾನೆಗಳ ಕೆಲಸಗಾರರು ಶಿಫ್ಟು ಮುಗಿಯಿತೆಂದು ಡಬ್ಬಿ ಎತ್ತಿಕೊಂಡು ಮನೆಗೆ ಹೊರಟುಬಿಟ್ಟರು. ಸೇಠರ ಹುಬ್ಬು ನೆತ್ತಿಗೆ ಹಾರಿತು. ರಾಮಸ್ವಾಮಿ ಕಂಬದ ಹಿಂದೆ ಅಡಗಿದರು.

ತಿರುಮಲೇಶನ ಕಣ್ಣೆದುರು ನಲ್ಲಿ ಒಮ್ಮೆ ಮಿನುಗಿ ಮಾಯವಾಗಲು ಹವಣಿಸಿತು. ಅವನು ಅದನ್ನು ಎರಡೂ ಕೈಯಿಂದ ಹಿಡಿದೆಳೆದು ನಿಲ್ಲಿಸಿದ.

"ಸೇಠಜೀ! ಆರ್ಡರಿನಲ್ಲಿ ಗ್ರೈಂಡರ್ ಇದೆಯಾ?"

ಸೇಠರು ಆರ್ಡರ್ ನೋಡಿದರು. "ನಹೀಂ."

"ಅದಕ್ಕೇ ಕೂಗಿತು! ಇಲ್ಲದ ಸಾಮಾನು ಹೊರಗೆ ಹೋಗೋಕೆ ಬಿಡಲಿಲ್ಲ. ಇದೇ ಸೇಠಜೀ ಇದರ ಕೆಲಸ."

ಅಂಬವ್ವನಿಗೆ ಹಿಂದಿ ಅಷ್ಟಾಗಿ ಬಾರದಿದ್ದರೂ, ಯಂತ್ರ ತನ್ನನ್ನು ಹಿಡಿಯಿತೆಂಬುದು ಅರ್ಥವಾಯಿತು. "ನನ್ನ ಹಿಡೀತದೇನು ಇದು? ನಾನೇನು ಕಳ್ಳಿ ಏನು? ನೋಡೇಬಿಡ್ತೀನಿ!" ಎಂದು ಹಿಂದಕ್ಕೆ ಹೋಗಿ ಮತ್ತೆ ನುಗ್ಗಿದಳು. ಸೈರನ್. ಮೆಲ್ಲಗೆ ಬೆಕ್ಕಿನ ಹೆಜ್ಜೆಯಲ್ಲಿ ಬಂದಳು. ಸೈರನ್. ಹಿಮ್ಮುಖವಾಗಿ ಬಂದಳು. ಸೈರನ್. ಕೊನೆಗೆ ಓಡಿ ಬಂದಳು. ಗೋಡೌನಿನ ನೆಲ ನಡುಗಿ ರ‍್ಯಾಕಿನ ಕುಕ್ಕರುಗಳೆಲ್ಲ ತಾವಾಗಿ ಸೀಟಿ ಹೊಡೆದವು. ಯಂತ್ರ ಆಗಲೂ ಬಿಡಲಿಲ್ಲ.

ಸೇಠರು ಎರಡು ಕೈ ಎತ್ತಿ ಚಪ್ಪಾಳೆ ತಟ್ಟಿದರು. "ವಾಹ್! ಇಷ್ಟು ಕಠಿಣ ಟೆಸ್ಟ್ ಯಾವ ಕಂಪನಿಯೂ ಮಾಡಿರಲಿಕ್ಕಿಲ್ಲ!" ಹುಬ್ಬು ಸರ್ರನೆ ಕೆಳಗಿಳಿಯಿತು. "ಇವತ್ತಿನಿಂದ ಇವನು ಸಿಸ್ಟಮ್ ಆಫೀಸರ್."

ರಾಮಸ್ವಾಮಿ ಕಂಬದ ಹಿಂದಿನಿಂದ ಹೊರಬಂದು, ಎಲ್ಲ ತಮ್ಮದೇ ಯೋಜನೆಯೆಂಬಂತೆ ಟೈ ಸರಿಮಾಡಿಕೊಂಡರು. ಜೇಬಿನಿಂದ ಬೀಗದ ಕೈ ತೆಗೆದು ಸುಮಿತ್ರಾಳ ಕೈಗಿಟ್ಟು, "ಹೋಗಮ್ಮಾ, ಮನೆ ನೋಡ್ಕೊಂಡು ಬಾ," ಎಂದರು. ಅವಳು ನೆಲಕ್ಕೆ ಕಾಲು ತಾಕಿಸದೆ ಹೋದಳು. ಹೆಂಗಸರ ದಂಡೂ ಅವಳ ಹಿಂದೆ ಹಾರಿತು.

ಇತ್ತ ಸೇಠರು ಪ್ರೀತಿಯಿಂದ ಕಂಪ್ಯೂಟರಿನ ಬೆನ್ನು ಸವರಿದರು. ಸವರಿದ ಬೆರಳನ್ನು ಎತ್ತಿ ನೋಡಿದರು. ಬೆರಳು ಕಪ್ಪಾಗಿತ್ತು.

"ಅರೇ! ಇಂಥ ಮಿಷನ್ನನ್ನು ಈ ಧೂಳಿನಲ್ಲಿ ಇಟ್ಟಿದ್ದೀರಾ? ಈ ಶೆಕೆಯಲ್ಲಿ? ಇದಕ್ಕೆ ಒಳ್ಳೇ ಬಂದ್ ಕೋಣೆ ಬೇಕು, ಏಸಿ ಬೇಕು. ರಾಮಸ್ವಾಮಿ, ಹತ್ತಿರದಲ್ಲೇ ಇಂಥ ಜಾಗ ಎಲ್ಲಿದೆ?"

ಸೇಠರು ಪ್ರಶ್ನೆ ಕೇಳಿದರೆ ಯೋಚಿಸದೆ ಉತ್ತರ ಕೊಡುವುದು ರಾಮಸ್ವಾಮಿಯವರ ಸರ್ವೀಸಿನ ಗುಟ್ಟು. "ಗೋಡೆಯಾಚೆಗೇ ಇದೆ ಸಾರ್! ಎರಡು ಕೋಣೆ ಕ್ವಾರ್ಟರ್ಸು, ಪೂರಾ ಖಾಲಿ!" ಎಂದ ಮೇಲೆ ಅವರ ನಾಲಿಗೆ ಹಲ್ಲಿನ ನಡುವೆ ಸಿಕ್ಕಿತು. ಆದರೆ ಮಾತು ಆಗಲೇ ಹಾದುಹೋಗಿತ್ತು.

"ಬಹುತ್ ಅಚ್ಛಾ. ಗೋಡೆ ಕೊರೆದು ವೈರ್ ಎಳೀರಿ. ಮಿಷನ್ ಈಗಲೇ ಶಿಫ್ಟ್ ಆಗಲಿ, ನನ್ನೆದುರಿಗೇ."

"ಸಾರ್..." ಎಂದ ತಿರುಮಲೇಶ.

ರಾಮಸ್ವಾಮಿ ಅವನ ಹೆಗಲ ಮೇಲೆ ಕೈಯಿಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಬೇಜಾರು ಮಾಡ್ಕೋಬೇಡವೋ. ಮಿಷನ್ ಎಲ್ಲೋ ಅಲ್ಲೇ ನಿನ್ನ ಆಫೀಸು. ಒಂದು ಲೆಕ್ಕದಲ್ಲಿ ಕ್ವಾರ್ಟರ್ಸ್ ನಿನಗೇ ಸಿಕ್ಕಿದ ಹಾಗೆ. ಸಂಜೆ ಬೀಗ ಹಾಕಿ ಹೋಗೋದು ಮರೀಬೇಡ, ಅಷ್ಟೆ."

ಕ್ವಾರ್ಟರ್ಸಿನ ಮುಂದೆ ಆಗಲೇ ರಂಗೋಲಿ ಬಿದ್ದಿತ್ತು. ಒಳಗಿನಿಂದ ಧೋ ಎಂದು ನೀರಿನ ಸದ್ದು. ಸುಮಿತ್ರಾ ನಲ್ಲಿಯನ್ನು ಪೂರ್ತಿ ತಿರುಗಿಸಿ, ಅದರ ಕೆಳಗೆ ಕೈಯೊಡ್ಡಿ ನಗುತ್ತಿದ್ದಳು. ಹೊರಗೆ ಆಳುಗಳ ಕಾಲು ಸಪ್ಪಳ ಕೇಳಿ ಬಾಗಿಲಿಗೆ ಓಡಿಬಂದಳು. ಐತ ಕಂಪ್ಯೂಟರಿನ ಪರದೆಯನ್ನು ಮಗುವಿನ ಹಾಗೆ ಎತ್ತಿಕೊಂಡು ಬರುತ್ತಿದ್ದ.

"ಅಯ್ಯೋ, ಕಂಪನಿಯೋರು ಟೀವಿನೂ ಕೊಟ್ರಾ!" ಎಂದು ಸುಮಿತ್ರಾ ಚಪ್ಪಾಳೆ ತಟ್ಟಿದಳು.

"ನಿಲ್ರಿ, ಹಂಗ ಒಳಗ ತರಬಾರದು," ಎಂದು ಅಂಬವ್ವ ಮುಂದೆ ಬಂದು, ಸೊಂಟದ ಚೀಲ ಬಿಚ್ಚಿ ಪರದೆಯ ಹಣೆಗೆ ಅರಿಶಿನ ಕುಂಕುಮ ಹಚ್ಚಿದಳು. ಒಬ್ಬಳು ಹಾಡು ತೆಗೆದಳು. ಹನ್ನೆರಡು ಗಂಟಲು ಸೇರಿಕೊಂಡವು. ಬಲಗಾಲು ಮುಂದಿಡು ಎಂದು ಐತನಿಗೆ ಆಜ್ಞೆಯಾಯಿತು. ಯಂತ್ರ ಶಾಸ್ತ್ರೋಕ್ತವಾಗಿ ಗೃಹಪ್ರವೇಶ ಮಾಡಿತು. ದೂರದಲ್ಲಿ ನಿಂತ ಸೇಠರು ಕೈಮುಗಿದು, ಎಂಥ ಸ್ಟಾಫು ಎಂದು ಕಣ್ಣೊರೆಸಿಕೊಂಡರು.

ಎಲ್ಲ ಮುಗಿದ ಮೇಲೆ ತಿರುಮಲೇಶ ಹೆಂಡತಿಯ ಹತ್ತಿರ ಹೋಗಿ, ನೆಲ ನೋಡುತ್ತ ವಿಷಯ ಹೇಳಿದ. ಸುಮಿತ್ರಾ ಅರಿಶಿನ ಹಚ್ಚಿಕೊಂಡು ನಡುಮನೆಯಲ್ಲಿ ಕೂತಿದ್ದ ಹೊಸ ಒಡತಿಯನ್ನೇ ನೋಡಿದಳು.

"ಅದು ನೀರು ಕುಡಿಯುತ್ತೇನ್ರೀ?"

"ಇಲ್ಲ ಕಣೆ. ಒಂದು ಹನಿ ಬಿದ್ದರೂ ಕೆಟ್ಟುಹೋಗುತ್ತೆ. ಅದಕ್ಕೇ..." ತಿರುಮಲೇಶ ನಲ್ಲಿಯ ಕಡೆ ತಿರುಗಿದ. "ಅದಕ್ಕೇ ನಲ್ಲಿ ಕಿತ್ತುಹಾಕಿ, ಪೈಪಿಗೆ ಸಿಮೆಂಟು ಮೆತ್ತೋಕೆ ಹೇಳಿದಾರೆ ಸೇಠರು. ಮುಂದೆ ನಿಂತು ಮಾಡಿಸಬೇಕಾದೋನು ಸಿಸ್ಟಮ್ ಆಫೀಸರ್."

ಪ್ಲಂಬರ್ ಆಗಲೇ ಸ್ಪ್ಯಾನರ್ ಹಿಡಿದು, ಅಪ್ಪಣೆಗಾಗಿ ಆಫೀಸರರ ಮುಖ ನೋಡುತ್ತ ನಿಂತಿದ್ದ.

"ಒಂದು ನಿಮಿಷ ತಾಳಪ್ಪಾ," ಎಂದಳು ಸುಮಿತ್ರಾ. ಹಿತ್ತಿಲಿಗೆ ಹೋಗಿ, ಗೋಡೌನಿನವರು ನೆಗ್ಗಿವೆಯೆಂದು ಎಸೆದಿದ್ದ ಪಾತ್ರೆಗಳ ರಾಶಿಯಿಂದ ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ತಂದಳು. ಅದನ್ನು ನಲ್ಲಿಯ ಕೆಳಗಿಟ್ಟು ಕಂಠದವರೆಗೆ ತುಂಬಿಸಿದಳು. ಆಮೇಲೆ ತಾನೇ ನಲ್ಲಿ ನಿಲ್ಲಿಸಿ, ಸೆರಗಿನಿಂದ ಅದನ್ನು ಒರೆಸಿ, ಪ್ಲಂಬರನಿಗೆ ದಾರಿ ಬಿಟ್ಟಳು.

"ಹಿಡೀರಿ," ಎಂದಳು ಗಂಡನಿಗೆ. "ಮನೆ ಯಾರದ್ದಾದರೂ ಆಗಲಿ, ಇಷ್ಟು ನೀರು ನಂದು. ಒಂದು ತೊಟ್ಟು ಚೆಲ್ಲಿದರೂ ಬಿಡೋಳಲ್ಲ."

ಸಂಜೆ ಐದರ ನೂಕುನುಗ್ಗಲಿನಲ್ಲಿ, ಹನ್ನೆರಡು ಮುತ್ತೈದೆಯರ ಹಿಂದೆ, ಕಂಪನಿಯ ಚರಿತ್ರೆಯಲ್ಲೇ ಮೊದಲನೆಯ ಸಿಸ್ಟಮ್ ಆಫೀಸರ್ ದವಡೆ ಬಿಗಿದುಕೊಂಡು, ತುಂಬಿದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು ವಿಕ್ರೋಳಿ ಸ್ಟೇಷನ್ನಿನ ಮೆಟ್ಟಿಲು ಹತ್ತುತ್ತಿದ್ದ.